ಡಿಸೆಂಬರ್ ಕೂಟಕ್ಕೆ ಮಸಾಲೆಯ ಬಿಸಿ ಹಣ್ಣಿನ ಚಹಾ: ಕೊನೆಯ ಲೋಟದವರೆಗೂ ಕಹಿಯಾಗದಂತೆ ಮಾಡುವುದು ಹೇಗೆ?

ಮ್ಯೂನಿಕ್ ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೂರನೆಯ ವಾರದಲ್ಲಿ ನಮ್ಮ ಸುತ್ತಿನ ಕನ್ನಡ ಕುಟುಂಬಗಳೆಲ್ಲ ಒಂದು ಸಭಾಂಗಣದಲ್ಲಿ ಸೇರುತ್ತಿದ್ದೇವೆ. ಸುಮಾರು 40 ಜನ, ಅವರಲ್ಲಿ ಅರ್ಧದಷ್ಟು ಮಕ್ಕಳು. ಕೊರೆಯುವ ಚಳಿಯಿಂದ ಒಳಗೆ ಬಂದವರ ಕೈಗೆ ಮೊಟ್ಟಮೊದಲು ಒಂದು ಬಿಸಿ ಲೋಟ ಕೊಡಬೇಕೆಂಬುದು ನನ್ನ ಆಸೆ. ಇಲ್ಲಿನ ಕ್ರಿಸ್‌ಮಸ್ ಮಾರುಕಟ್ಟೆಗಳಲ್ಲಿ ಮಸಾಲೆ ಹಾಕಿ ಬಿಸಿ ಮಾಡಿದ ವೈನ್, ಅಂದರೆ ಗ್ಲೂವೈನ್ ಮಾರುವ ಮಳಿಗೆಯಲ್ಲಿಯೇ ಮಕ್ಕಳಿಗೂ ಕಾರು ಓಡಿಸುವವರಿಗೂ ಕಿಂಡರ್‌ಪುನ್ಶ್ ಎಂಬ ಮದ್ಯವಿಲ್ಲದ ಪಾನೀಯ ಸಿಗುತ್ತದೆ. ಹಣ್ಣಿನ ಚಹಾ (ಚಹಾ ಎಲೆಯಿಲ್ಲದೆ, ಒಣಗಿಸಿದ ಹಣ್ಣಿನ ತುಣುಕು, ಹೂವಿನ ಹೊದಿಕೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಮಾಡುವುದು), ಸೇಬಿನ ರಸ, ಕಿತ್ತಳೆ ರಸ, ಚಕ್ಕೆ, ಲವಂಗಗಳನ್ನು ಕೂಡಿಸಿ ಮಾಡುವ ಪಾನೀಯ ಅದು. ಬಾಟಲಿಯಲ್ಲಿ ಸಿದ್ಧವಾಗಿ ಸಿಗುವುದು ವಿಪರೀತ ಸಿಹಿಯಾಗಿರುವುದರಿಂದ ನಾವೇ ಮಾಡೋಣ ಎಂದುಕೊಂಡಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಇಂತಹ ಕೂಟಗಳಲ್ಲಿ ಮೊದಲು ಬಂದವರಿಗೆ ಸಿಗುವ ಲೋಟ ಬಹಳ ರುಚಿಯಾಗಿರುತ್ತದೆ, ಎರಡು ಗಂಟೆ ತಡವಾಗಿ ಬಂದವರಿಗೆ ಅದೇ ಪಾತ್ರೆಯಿಂದ ಕಹಿಯೂ ಒಗರೂ ಆದದ್ದು ಸಿಗುತ್ತದೆ. ಇದು ಏಕೆ ಹಾಗಾಗುತ್ತದೆ, 10 ಲೀಟರಿಗೆ ಯಾವುದನ್ನು ಎಷ್ಟು ಹಾಕಬೇಕು, ದಯವಿಟ್ಟು ತಿಳಿಸಿ.

ಎರ್ಲಾಂಗೆನ್ ಅಕ್ಕ:
ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಒಲೆಯ ಮೇಲೆ ಬಿಟ್ಟುಬಿಡುವುದೇ ಕಹಿಗೆ ಕಾರಣ. ಲವಂಗವು ನೀರಿನಲ್ಲಿ ಇರುವಷ್ಟು ಹೊತ್ತೂ ತನ್ನ ಖಾರವನ್ನೂ ಒಗರನ್ನೂ ಬಿಡುತ್ತಲೇ ಇರುತ್ತದೆ. ಸಿಪ್ಪೆಯ ಸಮೇತ ಹಾಕಿದ ಕಿತ್ತಳೆಯ ಬಿಲ್ಲೆಗಳಲ್ಲಿ ಹೊರಸಿಪ್ಪೆಯ ಎಣ್ಣೆ ಮೊದಲ ಕೆಲವು ನಿಮಿಷಗಳಲ್ಲಿ ಪರಿಮಳ ಕೊಟ್ಟು ಮುಗಿಸುತ್ತದೆ, ಆಮೇಲೆ ಇಳಿಯುವುದೆಲ್ಲ ಒಳಗಿನ ಬಿಳಿಯ ಪದರದ ಕಹಿ. ಆದ್ದರಿಂದ ಮಸಾಲೆ ನೀರಿಗೆ ಮೊದಲು, ಹಣ್ಣಿನ ರಸ ಕೊನೆಗೆ. ಈ ಕ್ರಮವೊಂದನ್ನು ಹಿಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

10 ಲೀಟರಿಗೆ ನಾನು ಹೀಗೆ ಮಾಡುತ್ತೇನೆ. ಒಂದೂವರೆ ಲೀಟರ್ ನೀರಿಗೆ 6 ತುಂಡು ಚಕ್ಕೆ, 20 ಲವಂಗ, 5 ಚಕ್ರಮೊಗ್ಗು, ಬೆರಳುದ್ದದ ಹಸಿಶುಂಠಿ, ಜಜ್ಜಿದ ಏಲಕ್ಕಿ ಏಳೆಂಟು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ ಇಟ್ಟು ಸೋಸಿ ತೆಗೆದಿಡುತ್ತೇನೆ. ಇನ್ನೊಂದು ಪಾತ್ರೆಯಲ್ಲಿ ಮೂರೂವರೆ ಲೀಟರ್ ಕುದಿಯುವ ನೀರನ್ನು 20 ಹಣ್ಣಿನ ಚಹಾ ಪೊಟ್ಟಣಗಳ ಮೇಲೆ ಸುರಿದು, 10 ನಿಮಿಷದ ನಂತರ ಪೊಟ್ಟಣಗಳನ್ನು ಹಿಂಡದೆ ಎತ್ತಿಬಿಡುತ್ತೇನೆ. ಸೇಬಿನ ರಸ 4 ಲೀಟರ್, ಕಿತ್ತಳೆ ರಸ 1 ಲೀಟರ್. ಇವೆರಡನ್ನೂ ಬಿಸಿ ಮಾಡಬೇಕೇ ಹೊರತು ಕುದಿಸಬಾರದು. ರಸಕ್ಕೆ ಚಹಾ ಸೇರಿಸಿದ ಮೇಲೆ ಮಸಾಲೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ರುಚಿ ನೋಡಿ. ಪೂರ್ತಿ ಬೇಕಾಗದೆ ಹೋಗಬಹುದು, ಉಳಿದದ್ದನ್ನು ಬೇರೆಯೇ ಇಟ್ಟುಕೊಂಡರೆ ಹೆಚ್ಚು ಖಾರ ಬೇಕೆನ್ನುವ ಹಿರಿಯರ ಲೋಟಕ್ಕೆ ನೇರವಾಗಿ ಬೆರೆಸಬಹುದು. ಸೇಬಿನ ರಸ ಕೊಳ್ಳುವಾಗ ತಿಳಿಯಾದದ್ದನ್ನು ಬಿಟ್ಟು ಸೋಸದ, ಮಬ್ಬಾಗಿರುವ ರಸವನ್ನೇ ಆರಿಸಿ, ಪಾನೀಯಕ್ಕೆ ಮೈ ಬರುವುದು ಅದರಿಂದಲೇ.

ಚಹಾಪ್ರೇಮಿ:
ಅಕ್ಕನವರ ಕ್ರಮ ಸರಿಯಾಗಿದೆ, ಆದರೆ ಇದರಲ್ಲಿ ಚಹಾ ಎಲೆ ಒಂದು ಚಿಟಿಕೆಯೂ ಇಲ್ಲ. ಕಪ್ಪು ಚಹಾದ ತುಸು ಒಗರು ಇಲ್ಲದಿದ್ದರೆ ಈ ಪಾನೀಯ ಬಿಸಿ ಮಾಡಿದ ಶರಬತ್ತಾಗಿಬಿಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರೂವರೆ ಲೀಟರ್ ನೀರಿನಲ್ಲಿ ಅರ್ಧವನ್ನಾದರೂ ಅಸ್ಸಾಂ ಚಹಾದಿಂದ ಮಾಡಿ.

ಎರ್ಲಾಂಗೆನ್ ಅಕ್ಕ:
ಸಂಜೆ 6 ಗಂಟೆಯ ಕೂಟ, ಅರ್ಧ ಜನ ಮಕ್ಕಳು. ಅವರಿಗೆ ಕೆಫೀನ್ ಕೊಟ್ಟು ರಾತ್ರಿ ಮಲಗಿಸುವವರು ಯಾರು ಎಂದು ಆ ಮಕ್ಕಳ ತಾಯಂದಿರನ್ನು ಕೇಳಿ ನೋಡಿ.

ಅಟ್ಲಾಂಟಾ ಕನ್ನಡತಿ:
ಚಹಾಪ್ರೇಮಿಯವರ ಮಾತಿಗೆ ಇಲ್ಲಿ ಆಧಾರವಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನ ಕೂಟಗಳಲ್ಲೂ ನೆರೆಹೊರೆಯ ಮನೆಗಳಲ್ಲೂ ಕೊಡುವ ಮಸಾಲೆಯ ಹಣ್ಣಿನ ಚಹಾದಲ್ಲಿ ಕಪ್ಪು ಚಹಾವೇ ತಳಹದಿ. ಅದಕ್ಕೆ ಕಿತ್ತಳೆ ರಸ, ನಿಂಬೆ ರಸ, ಕೆಲವರ ಮನೆಯಲ್ಲಿ ಅನಾನಸ್ ರಸ, ಲವಂಗ ಮತ್ತು ಚಕ್ಕೆ ಸೇರುತ್ತವೆ. ಇದನ್ನು ಇಲ್ಲಿ ರಷ್ಯನ್ ಟೀ ಎಂದೇ ಕರೆಯುತ್ತಾರೆ. ಟ್ಯಾಂಗ್ ಪುಡಿ, ದಿಢೀರ್ ಚಹಾ ಪುಡಿ, ಸಕ್ಕರೆ, ಮಸಾಲೆ ಪುಡಿ ಬೆರೆಸಿ ಡಬ್ಬಿಯಲ್ಲಿ ತುಂಬಿ ಉಡುಗೊರೆ ಕೊಡುವ ಪದ್ಧತಿಯೂ ಉಂಟು, ಆದರೆ ನಿಜವಾದ ರಸದಿಂದ ಮಾಡಿದ್ದರ ಮುಂದೆ ಅದು ನಿಲ್ಲುವುದಿಲ್ಲ. ಚಹಾವನ್ನು ಬೇರೆಯಾಗಿ 4 ನಿಮಿಷ ನೆನೆಸಿ, ಎಲೆ ತೆಗೆದು, ಆಮೇಲೆ ಸೇರಿಸಿದರೆ ಕಹಿಯಾಗುವುದಿಲ್ಲ. ಎಲೆಯನ್ನು ಒಳಗೇ ಬಿಟ್ಟರೆ ಮಾತ್ರ ತೊಂದರೆ.

ಬರ್ಲಿನ್ ಬಯಲುಸೀಮೆ:
ಮಕ್ಕಳ ವಿಷಯವಿದ್ದರೆ ರಾಯ್‌ಬಾಸ್ ಏಕೆ ಬಳಸಬಾರದು? ದಕ್ಷಿಣ ಆಫ್ರಿಕಾದ ಆ ಕೆಂಪು ಎಲೆ ಜರ್ಮನಿಯ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅದರಲ್ಲಿ ಕೆಫೀನ್ ಇಲ್ಲ, ಒಗರು ಬಹಳ ಕಡಿಮೆ, ಎಷ್ಟು ಹೊತ್ತು ನೆನೆದರೂ ಕಪ್ಪು ಚಹಾದಷ್ಟು ಕಹಿಯಾಗುವುದಿಲ್ಲ.

ಚಹಾಪ್ರೇಮಿ:
ರಾಯ್‌ಬಾಸನ್ನು ನಾನು ಚಹಾ ಎಂದು ಒಪ್ಪುವುದಿಲ್ಲ, ಆದರೆ ಈ ಪಾನೀಯಕ್ಕೆ ಅದು ಮೈ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ. ದೊಡ್ಡವರಿಗಾಗಿ ಪಕ್ಕದಲ್ಲಿ ಒಂದು ಕೆಟಲ್ ಗಟ್ಟಿ ಕಪ್ಪು ಚಹಾ ಇರಲಿ, ಬೇಕಾದವರು ಲೋಟಕ್ಕೆ ಬೆರೆಸಿಕೊಳ್ಳುತ್ತಾರೆ. ಇಷ್ಟಕ್ಕಿಂತ ಕೆಳಗೆ ನಾನು ಇಳಿಯಲಾರೆ.

ಶಿರಸಿ ಸೀಮೆ:
ಇಷ್ಟೆಲ್ಲ ಹೇಳಿದಿರಿ, ನಮ್ಮ ಮುರುಗಲನ್ನು ಒಬ್ಬರೂ ನೆನೆಯಲಿಲ್ಲವಲ್ಲ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಅದೇ ಹಣ್ಣು. ಬೇಸಿಗೆಯಲ್ಲಿ ಒಣಗಿಸಿಟ್ಟ ಸಿಪ್ಪೆ ವರ್ಷವಿಡೀ ಡಬ್ಬಿಯಲ್ಲಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬರುವ ಕೆಂಪು ಬಣ್ಣ ಮತ್ತು ಹುಳಿ ಯಾವ ವಿದೇಶಿ ಹಣ್ಣಿನ ಚಹಾಕ್ಕೂ ಕಡಿಮೆಯಿಲ್ಲ. ಬೆಲ್ಲ, ಕಾಳುಮೆಣಸು, ಜೀರಿಗೆ, ಏಲಕ್ಕಿ ಹಾಕಿ ಬಿಸಿಯಾಗಿ ಕುಡಿದರೆ ಚಳಿ ಹತ್ತಿರ ಸುಳಿಯುವುದಿಲ್ಲ. ಊರಿಂದ ಒಣಸಿಪ್ಪೆ ತಂದಿಟ್ಟುಕೊಂಡವರು ನಿಮ್ಮ ಕೂಟದಲ್ಲಿ ಖಂಡಿತ ಇರುತ್ತಾರೆ, ಕೇಳಿ ನೋಡಿ.

ಮ್ಯೂನಿಕ್ ಮಲೆನಾಡಿಗ:
ಮುರುಗಲಿನ ಸಿಪ್ಪೆ ನಮ್ಮ ಮನೆಯಲ್ಲಿಯೇ ಇದೆ. ಅಂಗಡಿಯ ಹಣ್ಣಿನ ಚಹಾದ ಜಾಗದಲ್ಲಿ ಪೂರ್ತಿಯಾಗಿ ಅದನ್ನೇ ಬಳಸಬಹುದೇ?

ಶಿರಸಿ ಸೀಮೆ:
ಪೂರ್ತಿ ಬೇಡ, ಕಿತ್ತಳೆ ರಸದ ಹುಳಿಯೂ ಇರುವುದರಿಂದ ಹಲ್ಲು ಚುಳ್ಳೆನ್ನುತ್ತದೆ. ಅರ್ಧ ಪ್ರಮಾಣ ಸಾಕು. ಮಾರುವವರು ಕೆಲವೊಮ್ಮೆ ಸಿಪ್ಪೆಗೆ ಉಪ್ಪು ಹಚ್ಚಿರುತ್ತಾರೆ, ಬಾಯಿಗೆ ಹಾಕಿ ನೋಡಿದ ಮೇಲೆಯೇ ನೆನೆಸಿ.

ಕಲಬುರಗಿ ಕಡೆಯವನು:
ಯುರೋಪಿನ ಹಣ್ಣಿನ ಚಹಾ ಪೊಟ್ಟಣವನ್ನು ತಿರುಗಿಸಿ ಓದಿದರೆ ಬಹುಪಾಲು ಪೊಟ್ಟಣಗಳಲ್ಲಿ ದಾಸವಾಳದ ಹೆಸರು ಮೊದಲಿಗೋ ಎರಡನೆಯದಾಗಿಯೋ ಇರುತ್ತದೆ, ಜೊತೆಗೆ ಕಾಡುಗುಲಾಬಿಯ ಕಾಯಿ ಮತ್ತು ಸೇಬಿನ ತುಣುಕು. ಅನೇಕರು ಇದನ್ನು ನಮ್ಮ ಅಂಗಳದ, ದೇವರಿಗೆ ಏರಿಸುವ ದಾಸವಾಳವೆಂದು ತಿಳಿಯುತ್ತಾರೆ. ಅದಲ್ಲ. ಅದು ನಮ್ಮ ಕಡೆ ಪುಂಡಿಪಲ್ಯ ಮಾಡುವ ಪುಂಡಿಯ ಬಳಗದ ಗಿಡ, ಮತ್ತು ಚಹಾಕ್ಕೆ ಬಳಸುವುದು ಹೂವಿನ ಎಸಳನ್ನಲ್ಲ, ಹೂ ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ದಪ್ಪನೆಯ ಕೆಂಪು ಹೊದಿಕೆಯನ್ನು. ಪೊಟ್ಟಣದ ಮೇಲೆ ಸ್ಟ್ರಾಬೆರಿಯ ಚಿತ್ರವಿದ್ದರೂ ಒಳಗಿನ ಕೆಂಪು ಬಣ್ಣ ಮತ್ತು ಹುಳಿ ಈ ಹೊದಿಕೆಯದೇ. ಕೂಟಕ್ಕೆ ಕೊಳ್ಳುವಾಗ ಚಿತ್ರವನ್ನು ನೋಡದೆ ಒಳಗಿನ ಪಟ್ಟಿಯನ್ನು ಓದಿ ಕೊಳ್ಳಿ. ದಾಸವಾಳ ಹೆಚ್ಚಿದ್ದರೆ ಹುಳಿ ಹೆಚ್ಚು, ಸೇಬು ಮತ್ತು ಕಾಡುಗುಲಾಬಿ ಹೆಚ್ಚಿದ್ದರೆ ಮೃದು.

ಬೆಳಗಾವಿ ಸೊಸೆ:
ಕಾಡುಗುಲಾಬಿಯ ಕಾಯಿಯಲ್ಲಿ ವಿಟಮಿನ್ ಸಿ ಬಹಳ ಇರುತ್ತದೆ ಎಂದು ಓದಿದ್ದೇನೆ. ಮಕ್ಕಳಿಗೆ ಶೀತ ಬರದಂತೆ ಇದನ್ನೇ ಹೆಚ್ಚು ಹಾಕುವುದು ಒಳ್ಳೆಯದಲ್ಲವೇ?

ಆಹಾರ ವಿಜ್ಞಾನದ ವಿದ್ಯಾರ್ಥಿನಿ:
ಹಸಿ ಕಾಯಿಯಲ್ಲಿ ಬಹಳ ಇರುತ್ತದೆ, ನಿಜ. ಒಣಗಿಸುವಾಗ ಅದರಲ್ಲಿ ಸಾಕಷ್ಟು ಹೋಗುತ್ತದೆ, ಕುದಿಯುವ ನೀರು ಸುರಿದಾಗ ಇನ್ನಷ್ಟು ಹೋಗುತ್ತದೆ. ರುಚಿಗಾಗಿ ಹಾಕಿ, ಔಷಧಿಯೆಂದು ಹಾಕಬೇಡಿ. ಹಾಗೆಂದು ನೀರಿನ ಬಿಸಿ ಕಡಿಮೆ ಮಾಡಲೂ ಹೋಗಬೇಡಿ. ಗಿಡಮೂಲಿಕೆ ಮತ್ತು ಹಣ್ಣಿನ ಚಹಾಗಳ ಒಣ ಎಲೆ, ಸಿಪ್ಪೆಗಳಲ್ಲಿ ಸೂಕ್ಷ್ಮಜೀವಿಗಳು ಇರಬಹುದಾದ್ದರಿಂದ ಕುದಿಯುವ ನೀರನ್ನೇ ಸುರಿದು ಕನಿಷ್ಠ 5 ನಿಮಿಷವಾದರೂ ಬಿಡಬೇಕೆಂದು ಜರ್ಮನಿಯಲ್ಲಿ ಪೊಟ್ಟಣದ ಮೇಲೆಯೇ ಬರೆದಿರುತ್ತಾರೆ.

ಚಕ್ಕೆಯ ಬಗ್ಗೆಯೂ ಹೇಳಬೇಕು. ಅಗ್ಗವಾಗಿ ಸಿಗುವ, ದಪ್ಪ ತೊಗಟೆಯ ಚಕ್ಕೆ ಕ್ಯಾಸಿಯಾ ಜಾತಿಯದು. ತೆಳುವಾದ ಪದರಗಳನ್ನು ಒತ್ತಾಗಿ ಸುತ್ತಿರುವಂಥದ್ದು ಸಿಲೋನ್ ಚಕ್ಕೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು ಇರುತ್ತದೆ, ಅದು ಹೆಚ್ಚಾದರೆ ಕೆಲವರ ಯಕೃತ್ತಿಗೆ ತೊಂದರೆ. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.1 ಮಿಲಿಗ್ರಾಂ ಎಂಬುದು ಯುರೋಪಿನಲ್ಲಿ ನಿಗದಿಯಾಗಿರುವ ಮಿತಿ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆಯ ಲೆಕ್ಕದಂತೆ, 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ 2 ಗ್ರಾಂ ಕ್ಯಾಸಿಯಾ ಪುಡಿ, 15 ಕಿಲೋ ತೂಕದ ಮಗುವಿಗೆ ಅರ್ಧ ಗ್ರಾಂ ತಿಂದರೆ ಆ ಮಿತಿ ಮುಟ್ಟುತ್ತದೆ. ಅಪರೂಪಕ್ಕೆ ಒಂದು ದಿನ ಕುಡಿಯುವುದರಿಂದ ಭಯವಿಲ್ಲ, ಆದರೆ ಡಿಸೆಂಬರ್ ತಿಂಗಳಿಡೀ ಚಕ್ಕೆ ಹಾಕಿದ ಬಿಸ್ಕತ್ತುಗಳನ್ನು ತಿನ್ನುವ ಮಕ್ಕಳಿಗೆ ಸಿಲೋನ್ ಚಕ್ಕೆ ಹಾಕುವುದೇ ಲೇಸು.

ದಾವಣಗೆರೆ ದಾರಿ:
ತುಂಡಿನ ಬದಲು ಪುಡಿ ಹಾಕಿದರೆ ಸೋಸುವ ಕೆಲಸ ತಪ್ಪುತ್ತದೆಯಲ್ಲವೇ?

ಎರ್ಲಾಂಗೆನ್ ಅಕ್ಕ:
ದಯವಿಟ್ಟು ಪುಡಿ ಹಾಕಬೇಡಿ. ಚಕ್ಕೆಯ ಪುಡಿ ಬಿಸಿನೀರಿನಲ್ಲಿ ಉಬ್ಬಿ ಲೋಳೆಯಾಗುತ್ತದೆ, ಪಾನೀಯ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಲೋಟದ ತಳದಲ್ಲಿ ಗಷ್ಟು ನಿಲ್ಲುತ್ತದೆ. ಸೋಸಲು ಬೇಸರವಾದರೆ ತೆಳುವಾದ ಬಿಳಿ ಬಟ್ಟೆಯಲ್ಲಿ ಮಸಾಲೆಯನ್ನು ಗಂಟು ಕಟ್ಟಿ ಇಳಿಬಿಡಿ, ಹೊತ್ತಾದ ಮೇಲೆ ಗಂಟನ್ನೇ ಎತ್ತಿಬಿಡಬಹುದು.

ಆಹಾರ ವಿಜ್ಞಾನದ ವಿದ್ಯಾರ್ಥಿನಿ:
ಚಕ್ರಮೊಗ್ಗನ್ನು ನಂಬಿಕೆಯ ಅಂಗಡಿಯಲ್ಲಿ ಮಾತ್ರ ಕೊಳ್ಳಿ ಎಂದೂ ಸೇರಿಸುತ್ತೇನೆ. ನೋಡಲು ಹಾಗೆಯೇ ಇರುವ ಜಪಾನೀ ಜಾತಿಯೊಂದು ವಿಷಕಾರಿ. ಅದು ಬೆರೆತಿದ್ದ ಸಂದೇಹದ ಮೇಲೆ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚಕ್ರಮೊಗ್ಗಿನ ಚಹಾ ಕುಡಿಯಬಾರದೆಂದು ಎಚ್ಚರಿಕೆ ಕೊಟ್ಟಿತ್ತು. ಎಳೆಯ ಕೂಸುಗಳಿಗೆ ಈ ಪಾನೀಯವನ್ನು ಕೊಡಲೇಬೇಡಿ.

ಬೆಂದೂರು ಮನೆಯವರು:
ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಎಂದರೆ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ, ಕೇಕ್ ಎಲ್ಲವನ್ನೂ ತಟ್ಟೆಗಳಲ್ಲಿ ಜೋಡಿಸಿ ನೆರೆಹೊರೆಗೆ ಹಂಚುತ್ತೇವೆ. ಇಷ್ಟು ಸಿಹಿ ತಿಂಡಿಯ ಜೊತೆಗೆ ಪಾನೀಯವೂ ಸಿಹಿಯಾಗಿದ್ದರೆ ಎರಡೂ ಸೋಲುತ್ತವೆ. ಪುನರ್ಪುಳಿ ಹಾಕಿದ, ಸಕ್ಕರೆಯೇ ಇಲ್ಲದ, ಶುಂಠಿಯ ಖಾರ ಚುರುಕಾಗಿರುವ ಬಿಸಿ ಪಾನೀಯ ಕುಸ್ವಾರಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ನಿಮ್ಮ ಕೂಟದಲ್ಲಿ ತಿಂಡಿ ಏನು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಸಿಹಿ ಎಷ್ಟು ಎಂದು ನಿರ್ಧರಿಸಿ.

ಮ್ಯೂನಿಕ್ ಮಲೆನಾಡಿಗ:
ಚಕ್ಕುಲಿ, ಕೋಡುಬಳೆ, ಮೆಣಸಿನಕಾಯಿ ಬಜ್ಜಿ, ಕೊನೆಯಲ್ಲಿ ಕೇಕ್. ಖಾರವೇ ಹೆಚ್ಚು.

ಬೆಂದೂರು ಮನೆಯವರು:
ಹಾಗಾದರೆ ಸೇಬಿನ ರಸದ ಸಿಹಿ ಇರಲಿ, ಶುಂಠಿಯನ್ನು ಅರ್ಧ ಮಾಡಿ. ಬಜ್ಜಿ ತಿಂದ ನಾಲಿಗೆಯ ಮೇಲೆ ಬಿಸಿಯಾದ, ಖಾರದ ಪಾನೀಯ ಬಿದ್ದರೆ ಮಕ್ಕಳು ಎರಡನೆಯ ಸಲ ಮುಟ್ಟುವುದಿಲ್ಲ.

ಶುಶ್ರೂಷಕಿ ಲೀಡ್ಸ್:
ಸಿಹಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಸೇಬಿನ ರಸದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಸ್ವಾಭಾವಿಕವಾಗಿಯೇ ಇರುತ್ತದೆ. ಅಕ್ಕನವರ ಅಳತೆಯಲ್ಲಿ ಪಾನೀಯದ ಅರ್ಧ ಭಾಗ ರಸ, ಆದ್ದರಿಂದ 200 ಮಿಲಿಲೀಟರಿನ ಲೋಟವೊಂದರಲ್ಲಿ ಸುಮಾರು 10 ಗ್ರಾಂ ಸಕ್ಕರೆ ಆಗಲೇ ಇರುತ್ತದೆ. ಇದರ ಮೇಲೆ ಸಕ್ಕರೆ ಸುರಿಯುವ ಅಗತ್ಯವೇ ಇಲ್ಲ. ಮಧುಮೇಹವಿರುವ ಹಿರಿಯರು ಪ್ರತಿ ಕೂಟದಲ್ಲೂ ಇರುತ್ತಾರೆ, ಅವರು ಕೇಳಲು ಸಂಕೋಚಪಟ್ಟು ಕುಡಿದುಬಿಡುತ್ತಾರೆ. ಅವರಿಗಾಗಿ ರಸವಿಲ್ಲದ, ಹಣ್ಣಿನ ಚಹಾ ಮತ್ತು ಮಸಾಲೆಯ ನೀರು ಮಾತ್ರ ಬೆರೆಸಿದ ಫ್ಲಾಸ್ಕ್ ಒಂದನ್ನು ಚೀಟಿ ಅಂಟಿಸಿ ಪ್ರತ್ಯೇಕವಾಗಿ ಇಡಿ. ಜೇನನ್ನು ಪಾತ್ರೆಗೆ ಬೆರೆಸಬೇಡಿ, ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಸಲ್ಲದು, ಯಾರೋ ಪ್ರೀತಿಯಿಂದ ಚಮಚದಲ್ಲಿ ಕುಡಿಸಿಬಿಡುವ ಸಂಭವವಿರುತ್ತದೆ. ದಾಸವಾಳದ ಚಹಾ ರಕ್ತದೊತ್ತಡವನ್ನು ತುಸು ಇಳಿಸುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರೂ ಗರ್ಭಿಣಿಯರೂ ಲೋಟದ ಮೇಲೆ ಲೋಟ ಕುಡಿಯದಿರುವುದು ಒಳ್ಳೆಯದು, ಅವರಿಗೆ ರಾಯ್‌ಬಾಸ್ ಇದೆಯಲ್ಲ.

ಹಾಸನದ ಹಿರಿಯ:
ಬಿಸಿಯಾದುದಕ್ಕೆ ಜೇನು ಬೆರೆಸಬಾರದೆಂದು ಆಯುರ್ವೇದವೂ ಹೇಳುತ್ತದೆ. ಬೆಲ್ಲ ಹಾಕಿ.

ಶಿರಸಿ ಸೀಮೆ:
ಮುರುಗಲಿಗೆ ಬೆಲ್ಲ ಸರಿ, ಹಿರಿಯರೇ. ಕಿತ್ತಳೆ ರಸಕ್ಕೆ ಮಾತ್ರ ಬೆಲ್ಲ ಹೊಂದುವುದಿಲ್ಲ, ಹಣ್ಣಿನ ತೆಳುವಾದ ಪರಿಮಳವನ್ನು ಅದು ಮುಚ್ಚಿಬಿಡುತ್ತದೆ.

ಮೈಸೂರು ಮನೆ:
ನಮ್ಮಲ್ಲಿ ಕಷಾಯಕ್ಕೆ ಹಾಲು ಹಾಕುವ ರೂಢಿ. ಇದಕ್ಕೂ ಸ್ವಲ್ಪ ಹಾಕಿದರೆ ಮಕ್ಕಳು ಇಷ್ಟಪಡುತ್ತಾರೆಯೇ?

ಆಹಾರ ವಿಜ್ಞಾನದ ವಿದ್ಯಾರ್ಥಿನಿ:
ಹಾಕಿದ ಕ್ಷಣವೇ ಒಡೆಯುತ್ತದೆ. ದಾಸವಾಳ, ಮುರುಗಲು, ಕಿತ್ತಳೆ ಮೂರೂ ಹುಳಿ, ಬಿಸಿಯೂ ಸೇರಿದರೆ ಹಾಲಿನ ಪ್ರೋಟೀನು ನಿಲ್ಲುವುದಿಲ್ಲ. ಕೊತ್ತಂಬರಿ ಬೀಜ, ಜೀರಿಗೆಯ ಕಷಾಯದಲ್ಲಿ ಹುಳಿ ಇಲ್ಲದ ಕಾರಣ ಅಲ್ಲಿ ಹಾಲು ಉಳಿಯುತ್ತದೆ.

ತೀರ್ಥಹಳ್ಳಿಯ ತಮ್ಮ:
ಪಾತ್ರೆ ಯಾವುದು ಎಂದು ಯಾರೂ ಕೇಳಲಿಲ್ಲ. ಕೂಟವೆಂದರೆ ಹಿತ್ತಾಳೆಯ ದೊಡ್ಡ ಪಾತ್ರೆಯನ್ನು ಹೊರಗೆ ತೆಗೆಯುವ ಆಸೆ ನಮ್ಮವರಿಗೆ ಇದ್ದೇ ಇರುತ್ತದೆ. ಒಳಗೆ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಷ್ಟು ಹುಳಿಯನ್ನು ಗಂಟೆಗಟ್ಟಲೆ ಇಟ್ಟರೆ ಲೋಹ ಬಿಟ್ಟುಕೊಳ್ಳುತ್ತದೆ, ಅಲ್ಯೂಮಿನಿಯಮ್ಮಿನದೂ ಅದೇ ಕಥೆ. ಸ್ಟೀಲ್ ಪಾತ್ರೆಯನ್ನೇ ಬಳಸಿರಿ.

ಅಟ್ಲಾಂಟಾ ಕನ್ನಡತಿ:
ಎರಡು ಮೂರು ಗಂಟೆ ಬಿಸಿಯಾಗಿ ಇಡುವುದಕ್ಕೆ ಇಲ್ಲಿ ನಾವು ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯನ್ನು ಕನಿಷ್ಠ ಬಿಸಿಯಲ್ಲಿ ಇಡುತ್ತೇವೆ. ಜರ್ಮನಿಯಲ್ಲಿ ಗ್ಲೂವೈನ್ ಕಾಯಿಸಲು ನಲ್ಲಿಯಿರುವ ದೊಡ್ಡ ವಿದ್ಯುತ್ ಪಾತ್ರೆ ಬಾಡಿಗೆಗೆ ಸಿಗುತ್ತದೆಯೇ?

ಬರ್ಲಿನ್ ಬಯಲುಸೀಮೆ:
ಸಿಗುತ್ತದೆ. ಹಣ್ಣುಗಳನ್ನು ಸೀಸೆಗಳಲ್ಲಿ ಕಾಪಿಡಲು ಬಳಸುವ ಆ ಪಾತ್ರೆ ಅನೇಕ ಜರ್ಮನ್ ಮನೆಗಳಲ್ಲಿಯೂ ಇರುತ್ತದೆ, ನೆರೆಮನೆಯವರನ್ನು ಕೇಳಿದರೂ ಕೊಟ್ಟಾರು. ಬಿಸಿಯನ್ನು 70 ಡಿಗ್ರಿಯ ಆಸುಪಾಸಿಗೆ ನಿಲ್ಲಿಸಿ.

ಶುಶ್ರೂಷಕಿ ಲೀಡ್ಸ್:
70 ಡಿಗ್ರಿ ಪಾತ್ರೆಗೆ ಸರಿ, ಬಾಯಿಗೆ ಅಲ್ಲ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ಕುಡಿಯುವುದು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ಹೇಳಿದೆ. ಲೋಟಕ್ಕೆ ಸುರಿದು ಐದಾರು ನಿಮಿಷ ಬಿಟ್ಟು ಕೊಡಿ. ಮಕ್ಕಳದನ್ನು ಇನ್ನೂ ಆರಿಸಿ ಕೊಡಿ, ಅಥವಾ ಅವರ ಲೋಟಕ್ಕೆ ಸ್ವಲ್ಪ ತಣ್ಣನೆಯ ಸೇಬಿನ ರಸ ಬೆರೆಸಿ.

ದಾವಣಗೆರೆ ದಾರಿ:
ಅಷ್ಟು ರಗಳೆ ಏಕೆ? ಮದ್ಯವಿಲ್ಲದ ಗ್ಲೂವೈನ್ ಎಂದೇ ಬಾಟಲಿ ಸಿಗುತ್ತದೆಯಲ್ಲ.

ಎರ್ಲಾಂಗೆನ್ ಅಕ್ಕ:
ಮದ್ಯವಿಲ್ಲದ್ದೆಂದು ಬರೆದಿದ್ದರೂ ಜರ್ಮನಿಯಲ್ಲಿ ಅರ್ಧ ಶೇಕಡಾದವರೆಗೆ ಮದ್ಯದ ಅಂಶ ಇರಲು ಅವಕಾಶವಿದೆ. ಪೂರ್ತಿ ವರ್ಜಿಸುವವರು ನಮ್ಮ ಕೂಟಗಳಲ್ಲಿ ಅನೇಕರು. ಅವರಿಗೆ ತಿಳಿಯದಂತೆ ಅಂಥದ್ದನ್ನು ಕೊಡುವುದು ಸರಿಯಲ್ಲ. ರಸದಿಂದ ಮಾಡಿದ್ದಕ್ಕೆ ಆ ಅಳುಕು ಇಲ್ಲ.

ಮ್ಯೂನಿಕ್ ಮಲೆನಾಡಿಗ:
ಎಲ್ಲರ ಮಾತನ್ನೂ ಕೂಡಿಸಿ ನಾನು ಬರೆದುಕೊಂಡದ್ದು ಇದು, ತಪ್ಪಿದ್ದರೆ ತಿದ್ದಿ. ಮಸಾಲೆಯ ನೀರನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಮಾಡಿ, ಸೋಸಿ, ಶೀತಪೆಟ್ಟಿಗೆಯಲ್ಲಿ ಇಡುತ್ತೇನೆ, ಶುಂಠಿ ಅರ್ಧ ಮಾತ್ರ. ಸಭಾಂಗಣದಲ್ಲಿ ಒಂದೂವರೆ ಲೀಟರ್ ಮುರುಗಲಿನ ನೀರು, 2 ಲೀಟರ್ ರಾಯ್‌ಬಾಸ್, ಅದಕ್ಕೆ 4 ಲೀಟರ್ ಸೇಬಿನ ರಸ, 1 ಲೀಟರ್ ಕಿತ್ತಳೆ ರಸ. ದಾಸವಾಳದ ಚಹಾ ಸಣ್ಣ ಪಾತ್ರೆಯಲ್ಲಿ ಬೇರೆ, ಮಧುಮೇಹಿಗಳ ಫ್ಲಾಸ್ಕ್ ಬೇರೆ, ಚಹಾಪ್ರೇಮಿಗಳ ಕೆಟಲ್ ಬೇರೆ. ಕಿತ್ತಳೆಯ ಬಿಲ್ಲೆಗಳನ್ನು ಪಾತ್ರೆಗೆ ಹಾಕುವುದಿಲ್ಲ, ಲೋಟಕ್ಕೆ ಒಂದೊಂದು.

ಎರ್ಲಾಂಗೆನ್ ಅಕ್ಕ:
ಲೋಟಕ್ಕೆ ಹಾಕುವ ಬಿಲ್ಲೆಗಾಗಿ ಸಿಪ್ಪೆಗೆ ಔಷಧಿ ಸಿಂಪಡಿಸದ ಹಣ್ಣನ್ನೇ ಕೊಳ್ಳಿ. ಇಲ್ಲಿನ ಸಾಮಾನ್ಯ ಕಿತ್ತಳೆಯ ಚೀಲದ ಮೇಲೆ ಸಿಪ್ಪೆ ತಿನ್ನಲು ತಕ್ಕದ್ದಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಮಿಕ್ಕಂತೆ ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ 10 ಲೀಟರನ್ನೂ ಒಂದೇ ಸಲಕ್ಕೆ ಬೆರೆಸಬೇಡಿ. 5 ಲೀಟರ್ ಬೆರೆಸಿ, ಅದು ತಳ ಕಾಣುವಾಗ ಉಳಿದ 5 ಲೀಟರ್ ಮಾಡಿದರೆ ತಡವಾಗಿ ಬಂದವರಿಗೂ ಹೊಸದೇ ಸಿಗುತ್ತದೆ.

ಬೆಳಗಾವಿ ಸೊಸೆ:
ಮಿಕ್ಕರೆ ಮರುದಿನ ಕುಡಿಯಬಹುದೇ?

ಆಹಾರ ವಿಜ್ಞಾನದ ವಿದ್ಯಾರ್ಥಿನಿ:
ಕೂಟ ಮುಗಿದ ಕೂಡಲೇ ಬಿಲ್ಲೆ, ಮಸಾಲೆ ಏನೂ ಇಲ್ಲದಂತೆ ಸೋಸಿ, ಬೇಗ ತಣ್ಣಗಾಗಿಸಿ, ಶುಭ್ರವಾದ ಗಾಜಿನ ಸೀಸೆಯಲ್ಲಿ ಶೀತಪೆಟ್ಟಿಗೆಯಲ್ಲಿಟ್ಟರೆ ಮರುದಿನ ಧಾರಾಳವಾಗಿ ಕುಡಿಯಬಹುದು. ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ಸುರಿದುಕೊಳ್ಳಿ.